ವಸಂತನ ಗಾಡಿಯ ಸದ್ದು

8–11–98, ಭಾನುವಾರ

ಇವತ್ತೂ ಸೀಮೆಎಣ್ಣೆಯಲ್ಲೇ ಕೈ. ಜಾಮ್ ಆಗಿದ್ದ ಪಿಸ್ಟನ್ ಕೊನೆಗೂ ಬಿಟ್ಟಿತು. ಹಿಡಿದುಕೊಂಡವನು ಚಲುವಯ್ಯ, ಸುತ್ತಿಗೆ ನನ್ನದು. ಅಂದರೆ ಬಿಡಿಸಿದ್ದು ನಾನೇ. ಸೈಲೆನ್ಸರಿನೊಳಗಿಂದ ಇಲಿಗೂಡು ಬಂತು.

ಅಕ್ಕನ ಮಗ ವಸಂತನ ಯೆಜ್ಡಿ ಬೈಕು ಇದು. ಅವನು ಪಂಪ್‌ಸೆಟ್ಟಿನ ಹತ್ತಿರ ಕರೆಂಟು ಹೊಡೆದು ಹೋದಾಗಿನಿಂದ, ಎರಡು ವರ್ಷ, ಅಕ್ಕನ ಮನೆಯ ತಂಬಾಕು ಒಣಗಿಸುವ ಬ್ಯಾರನ್ನಿನಲ್ಲಿ ತುಕ್ಕು ಹಿಡಿಯುತ್ತಿತ್ತು. "ಕಣ್ಮುಂದೆ ಇರ್ಬಾರ್ದು ಸಂಕ್ರ, ತಗಂಡೋಗಿ ಗುಜ್ರಿಗಾಕ್ಬುಡು" ಅಂದಳು ಬಸವಕ್ಕ. ಹೂಂ ಅಂದೆ. ತಂದದ್ದು ಹನಗೋಡಿಗೆ, ಚಲುವಯ್ಯನ ರಿಪೇರಿ ಅಂಗಡಿಗೆ.

ಅಕ್ಕ ಊಟ ಬಿಟ್ಟಿದ್ದಾಳೆ. ಮಾತೂ ಅಷ್ಟೆ. ಬಳೆ ಮೊಣಕೈವರೆಗೂ ಜಾರುತ್ತದೆ. ಚಿಕ್ಕಂದಿನಿಂದ ಅವಳನ್ನು ನಗಿಸುವುದು ನನ್ನ ಇಲಾಖೆ. ಗಾಡಿ ಮಿರಮಿರ ಮಿಂಚಿಸಿ, ನಾನೇ ಓಡಿಸಿಕೊಂಡು ಹೋಗಿ, ಅವಳ ಬಾಗಿಲಲ್ಲಿ ನಿಲ್ಲಿಸಬೇಕು. ನಗದೆ ಎಲ್ಲಿ ಹೋಗ್ತಾಳೆ!

"ಗುಜ್ರಿಗಾಕು ಅಂದೋಳ ಮುಂದ್ಕೇ ತಗಂಡೋಯ್ತೀಯಾ? ನಿನ್ ತಲೆ ನೆಟ್ಟಗದಾ?" ಅಂದ ಚಲುವಯ್ಯ.

"ನಮ್ಮಕ್ಕ ನಂಗೊತ್ತು, ನೀನು ನಟ್ಟು ತಿರುಗ್ಸು."

3–12–98, ಗುರುವಾರ

ಸ್ಟಾರ್ಟ್ ಆಯಿತು! ಅಂಗಡಿ ತುಂಬ ನೀಲಿ ಹೊಗೆ. ಚಲುವಯ್ಯ ಕೆಮ್ಮುತ್ತಲೇ ಕುಣಿದ.

ಒಂದೇ ತೊಂದರೆ. ಕೊಡಗಿನ ಎಸ್ಟೇಟಿನಲ್ಲಿದ್ದಾಗ ಸಾಹುಕಾರರ ಬುಲೆಟ್ ಓಡಿಸುತ್ತಿದ್ದೆ ಅಂತ ಊರಿಗೆಲ್ಲ ಹೇಳಿಕೊಂಡು ಬಂದಿದ್ದೇನೆ. ಓಡಿಸುತ್ತಿದ್ದವರು ಸಾಹುಕಾರರೇ. ನಾನು ಗೇಟು ತೆಗೆಯುತ್ತಿದ್ದೆ.

ಸಂಜೆ ಶಾಲೆಯ ಬಯಲಿಗೆ ತಳ್ಳಿಕೊಂಡು ಹೋದೆವು. ಈ ಗಾಡಿಯಲ್ಲಿ ಕಿಕ್ಕರನ್ನೇ ಒತ್ತಿ ಮುಂದಕ್ಕೆ ತಿರುಗಿಸಿದರೆ ಗೇರಾಗುತ್ತದೆ. ನನಗೇನು ಗೊತ್ತು? ಬಲಗಾಲಲ್ಲಿ ಹುಡುಕಿದೆ.

"ಏನ್ಲಾ ತಡಕ್ತಿದ್ದೀಯ? ಚಪ್ಲಿ ಬಿದ್ದೋಯ್ತಾ?"

"ಬುಲೆಟ್ಟಲ್ಲಿ ಗೇರು ಬಲಗಡೆ ಕಣ್ಲಾ."

"ಓಹೋ. ಗೇಟು ಯಾವ್ ಕಡೆ?"

ಬಡ್ಡಿಮಗನಿಗೆ ಮೊದಲಿಂದಲೂ ಗೊತ್ತಿತ್ತು. ಊರಲ್ಲಿ ಯಾರಿಗೂ ಹೇಳಿಲ್ಲ ಮಾತ್ರ.

ಕ್ಲಚ್ ಬಿಟ್ಟೆ. ಗಾಡಿ ನೆಗೆದು ಹೋಗಿ ಹುಲ್ಲಿನ ಮೆದೆಯೊಳಕ್ಕೆ ನುಗ್ಗಿತು. ಟೀ ಅಂಗಡಿಯಲ್ಲಿ, ಬ್ರೇಕ್ ಟೆಸ್ಟ್ ಮಾಡಿದೆ ಅಂದೆ.

17–12–98, ಗುರುವಾರ

ಹೋದೆವು. ಹೊತ್ತು ಮುಳುಗುತ್ತಿತ್ತು. ನಾನು ಮುಂದೆ, ಚಲುವಯ್ಯ ಹಿಂದೆ. ನಾಲೆಯ ಸೇತುವೆ ದಾಟಿ, ಏರು ಹತ್ತಿಸಿ, ಸೀದಾ ಅಕ್ಕನ ಅಂಗಳಕ್ಕೆ. ಹಾರನ್ ಹೊಡೆಯಬೇಕು, ಮೀಸೆ ತಿರುವಬೇಕು, "ಯಾರವ್ವ ಮನೇಲಿ" ಅನ್ನಬೇಕು... ದಾರಿಯುದ್ದಕ್ಕೂ ಇದೇ.

ಅಕ್ಕ ಆಗಲೇ ಹೊರಗೆ ನಿಂತಿದ್ದಳು. ಕೈಯಲ್ಲಿ ಬಿಸಿನೀರಿನ ಚೊಂಬು. ಹೆಗಲ ಮೇಲೆ ಟವಲ್ಲು.

ವಸಂತ ಹುಣಸೂರಿನ ಸಾ ಮಿಲ್ಲಿನ ಕೆಲಸ ಮುಗಿಸಿ ಬರುತ್ತಿದ್ದದ್ದು ಇದೇ ಹೊತ್ತಿಗೆ. ಗಾಡಿ ಸೇತುವೆಗೆ ಬಂದದ್ದು ಕೇಳಿದ ಕೂಡಲೇ ಅಕ್ಕ ನೀರು ತೋಡಿಕೊಂಡು ಬರುವಳು. ನನಗದು ನೆನಪಾದದ್ದು ಆಗ. ಥೂ.

ನನ್ನ ಮುಖ ನೋಡಿದಳು. ಚಲುವಯ್ಯನ ಮುಖ ನೋಡಿದಳು. ಆಮೇಲೆ ನಮ್ಮಿಬ್ಬರ ಹಿಂದಿನ ದಾರಿ.

"ನೀನಾ" ಅಂದಳು.

ಅಳಲಿಲ್ಲ. ಅತ್ತಿದ್ದರೆ ವಾಸಿಯಿತ್ತು.

"ನೀರು ಕಾದದೆ. ಕಾಲು ತೊಳ್ಕೊ."

ತೊಳೆದುಕೊಂಡೆ.

18–12–98

ಬೆಳಿಗ್ಗೆ ಬಾವ ಕುಳ್ಳಯ್ಯ ಅಂಗಡಿಗೆ ಬಂದ. ಹೊಡೆಯಲು ಬಂದ ಅಂತ ನಾನು ಚಲುವಯ್ಯನ ಹಿಂದೆ ಸರಿದೆ.

"ರಾತ್ರಿ ಒಂದು ಮುದ್ದೆ ಪೂರ್ತಿ ಉಂಡ್ಲು ಕಣೋ ಸಂಕ್ರ" ಅಂದ. ದನಿ ಒಡೆದಿತ್ತು. "ಇವತ್ತೂ ಬಾ. ಅದೇ ಒತ್ಗೆ ಬಾ."

"ನಾನೇಳ್ಲಿಲ್ವೇನ್ಲಾ?" ಅಂತ ಚಲುವಯ್ಯನ ಮುಂದೆ ಎದೆ ತಟ್ಟಿಕೊಂಡೆ. ಅವನು ಟೈರಿಗೆ ಗಾಳಿ ಹಾಕುತ್ತಿದ್ದ. ತಲೆ ಎತ್ತಲಿಲ್ಲ.

27–12–98, ಭಾನುವಾರ

ದಿನವೂ ಹೋಗುತ್ತಿದ್ದೇನೆ, ಒಬ್ಬನೇ. ಅಕ್ಕ ಉಣ್ಣುತ್ತಾಳೆ. ಮಾತೂ ಬಂದಿದೆ. ಮಾತೆಲ್ಲ ಗಾಡಿಯದೇ.

"ಸೇತ್ವೆ ಮ್ಯಾಲೆ ಅವ್ನು ನಿದಾನ ಮಾಡೋನು. ನೀನು ಒಂದೇ ಸಮ ಬತ್ತೀಯ."

"ಏರ್‌ನಾಗೆ ಒಂದ್ಸಲ ಜೋರಾಗಿ ಕೂಗಿಸ್ಬುಟ್ಟು ಬುಡೋನು."

"ಅಂಗಳಕ್ಕೆ ಬಂದ್ಮ್ಯಾಲೂ ಒಸಿ ಒತ್ತು ಓಡ್ತಾನೇ ಇರ್ತಿತ್ತು ಕಣೋ. ಆಮ್ಯಾಕೆ ಆಫ್ ಮಾಡೋನು."

ಜೀವನದಲ್ಲಿ ಸೈಕಲ್ಲಿನ ಮೇಲೂ ಕೂತವಳಲ್ಲ. ಒಲೆಯ ಮುಂದೆ ಕೂತೇ ಅವನ ಒಂದೊಂದು ಗೇರನ್ನೂ ಕಿವಿಯಲ್ಲಿ ಇಟ್ಟುಕೊಂಡಿದ್ದಾಳೆ. ಗಾಡಿ ಓಡಿಸಲು ಚಲುವಯ್ಯ ಕಲಿಸಿದ. ವಸಂತ ಓಡಿಸಿದಂತೆ ಓಡಿಸಲು ಅಕ್ಕ ಕಲಿಸುತ್ತಿದ್ದಾಳೆ. ಮೊದಮೊದಲು ಮಜಾ ಅನಿಸಿತ್ತು.

"ಇದು ನೆಟ್ಟಗಿಲ್ಲ ಕಣ್ಲಾ ಸಂಕ್ರ" ಅಂದ ಚಲುವಯ್ಯ. ಕಿವಿಗೆ ಹಾಕಿಕೊಳ್ಳಲಿಲ್ಲ.

9–1–99, ಶನಿವಾರ

ನಿನ್ನೆ ಒಂದು ತಪ್ಪೂ ಇಲ್ಲದೆ ಓಡಿಸಿದೆ. ಸೇತುವೆಯಲ್ಲಿ ನಿಧಾನ, ಏರಿನಲ್ಲಿ ಕೂಗು, ಅಂಗಳದಲ್ಲಿ ತಡೆದು ಆಫ್. ಈ ಸೀಮೆಯಲ್ಲಿ ಯಾವನಿಗೆ ಬರುತ್ತೆ? ಭೇಷ್ ಅಂತಾಳೆ ಅಂದುಕೊಂಡು ಒಳಗೆ ಹೋದೆ. ಕಣ್ಣು ಮುಚ್ಚಿಕೊಂಡು ಕೂತಿದ್ದಳು. ನನ್ನ ಕಾಲಸಪ್ಪಳಕ್ಕೆ ಕಣ್ಣು ಬಿಟ್ಟಳು. ಮುಖ ಕಪ್ಪಿಟ್ಟಿತು.

"ನಾಳಿಂದ ನೀನು ಒಳೀಕೆ ಬರ್ಬ್ಯಾಡ ಕಣೋ. ಆಫ್ ಮಾಡ್ಬುಟ್ಟು ಅಂಗೇ ಹಿತ್ಲಿಂದ ವೊಂಟೋಗು. ಕೆಮ್ಮಬ್ಯಾಡ."

ಇವತ್ತು ಹಾಗೇ ಮಾಡಿದೆ. ಅವಳು ಮಲಗಿದ ಮೇಲೆ ಬಾವ ಗಾಡಿಯನ್ನು ಸೇತುವೆವರೆಗೆ ತಳ್ಳಿಕೊಂಡು ಬಂದ. ಅಲ್ಲಿವರೆಗೆ ನಾಲೆ ಏರಿಯ ಮೇಲೆ ಕೂತಿದ್ದೆ, ಬಾಯಿ ಮುಚ್ಚಿಕೊಂಡು. ನನ್ನ ಬಾಯಿ ಮುಚ್ಚಿಸಿದವರು ಈವರೆಗೆ ಯಾರೂ ಇರಲಿಲ್ಲ. ಚಳಿ.

25–1–99, ಸೋಮವಾರ

ಜ್ವರ ಬಂದು ಮಲಗಿಬಿಟ್ಟಿದ್ದೆ. ಮೊದಲ ಸಂಜೆಯೇ ಅಕ್ಕ ಚೊಂಬು ಹಿಡಿದು ಸೇತುವೆವರೆಗೆ ನಡೆದು ಬಂದು ಕೂತಳಂತೆ. ಹೋಗಿ ಬರುವವರನ್ನೆಲ್ಲ ಕೇಳಿದಳಂತೆ... ನಮ್ ವಸಂತ ಸಿಕ್ಕಿದ್ನಾ ದಾರೀಲಿ?

ಗಾಡಿ ಓಡಿಸುವವನು ನಾನು ಅನ್ನುವುದು ಅವಳ ತಲೆಯಿಂದಲೇ ಹೋಗಿದೆ.

ಇನ್ನೂ ಇದೆ. ಸಂಬಂಧ ಕುದುರಿಸುವ ಹಂಪಾಪುರದ ಚಿಕ್ಕಸಿದ್ದಮ್ಮನಿಗೆ ಹೇಳಿಕಳಿಸಿದ್ದಾಳೆ. ವಸಂತನಿಗೆ ಒಂದು ಹೆಣ್ಣು ನೋಡು ಅಂತ.

ಅಂಗಡಿಯಲ್ಲಿ ಚಲುವಯ್ಯ ಅಂದ: "ಎರಡು ಸೈಲೆನ್ಸರ್ರೂ ಬಿಚ್ಚಾಕ್ಬುಟ್ಟು ಬ್ಯಾರೆ ಆಕ್ತೀನಿ. ಈ ಸದ್ದೇ ಬರಾಕಿಲ್ಲ. ಇಲ್ಲಿಗೆ ನಿಲ್ಸು."

ಈ ಸುದ್ದಿ ತಂದಿದ್ದ ಬಾವ ಅವನ ಕೈ ಹಿಡಿದುಕೊಂಡ. "ಬ್ಯಾಡ ಕಣಪ್ಪ. ಉಣ್ತಾವಳೆ. ತಲೆ ಬಾಚ್ಕೋತಾವಳೆ. ಏನಾರ ಅಂದ್ಕಳ್ಳಿ ಬುಡು, ಬದುಕಿರ್ಲಿ."

"ಬದುಕಾ ಇದು, ಕುಳ್ಳಯ್ಯಣ್ಣ?"

"ನಿನ್ ಯೆಂಡ್ತಿ ಆಗಿದ್ರೆ?"

ಇಬ್ಬರೂ ನನ್ನ ಕಡೆ ತಿರುಗಿದರು. ಜ್ವರ ಇನ್ನೂ ಬಿಟ್ಟಿಲ್ಲ ಅಂತ ಹೇಳಿ ಎದ್ದು ಬಂದೆ.

2–2–99

ಬದಲಾಯಿಸು ಅಂದೆ. ಬಾವನಿಗೆ ಹೇಳಿಲ್ಲ.

3–2–99, ಬುಧವಾರ

ಹೊಸ ಸೈಲೆನ್ಸರ್. ಗಾಡಿ ಬೇರೆ ಯಾರದೋ ಗಾಡಿಯ ಹಾಗೆ ಗೊಣಗುತ್ತಿತ್ತು. ಸೇತುವೆಯಲ್ಲಿ ನಿಧಾನ ಮಾಡಲಿಲ್ಲ. ಏರಿನಲ್ಲಿ ಕೂಗಿಸಲಿಲ್ಲ. ಅಂಗಳದಲ್ಲಿ ಯಾರೂ ಇಲ್ಲ. ಬೇಕೆಂದೇ ಕೆಮ್ಮಿಕೊಂಡು ಒಳಗೆ ಹೋದೆ.

"ಯಾರು?" ಒಲೆಯ ಮುಂದಿಂದಲೇ ಕೇಳಿದಳು.

"ನಾನು ಕಣಕ್ಕ, ಸಂಕ್ರ. ವಸಂತನ ಗಾಡೀಲಿ ಬಂದೆ. ಇಷ್ಟು ದಿನವೂ ಬತ್ತಿದ್ದೋನು ನಾನೇ ಕಣಕ್ಕ."

ಅಕ್ಕ ನಕ್ಕಳು. ಸೆರಗು ಬಾಯಿಗೆ ಅಡ್ಡ ಹಿಡಿದು, ಹೊಟ್ಟೆ ಕುಲುಕುವ ಹಾಗೆ.

"ಬುಡ್ಲಾ, ಬಂಡಲ್ ಬುಡ್ಬ್ಯಾಡ. ನಿಂಗೆ ಗಾಡಿ ಎಲ್ ಬತ್ತದೆ? ಕೂತ್ಕೊ. ಅವ್ನು ಬರೋ ಒತ್ತಾಯ್ತು. ಮಾವ ಅಳಿಯ ಇಬ್ರೂ ಒಟ್ಗೆ ಉಣ್ಣೀರಂತೆ."

ಬಾವನನ್ನು ನೋಡಿದೆ. ಗೋಡೆಗೆ ಒರಗಿ ಕೂತಿದ್ದ, ನೆಲ ನೋಡುತ್ತ. ನಾನೂ ಕೂತೆ.

ಕತ್ತಲಾಯಿತು. ದೀಪ ಹಚ್ಚಿದಳು. ನೀರು ಕುದಿದು ಕುದಿದು ಇಂಗಿತು. ಇನ್ನೊಂದು ಕೊಡ ಸುರಿದಳು.

"ಯಾಕೋ ಇವತ್ತು ತಡ."

"ಅಕ್ಕ, ವಸಂತ..."

ಕೈ ಎತ್ತಿದಳು. "ಸುಮ್ಕಿರೋ. ಸದ್ದು ಕೇಳುಸ್ಬೇಕು."

ಮೂವರೂ ಕಿವಿಗೊಟ್ಟು ಕೂತೆವು. ಎಷ್ಟು ಹೊತ್ತೋ. ಆಮೇಲೆ ನಾಲೆಯ ಆಚೆ ಯಾವುದೋ ಗಾಡಿ. ಸೇತುವೆಯ ಮೇಲೆ ನಿಧಾನವಾಯಿತು. ಅಕ್ಕನಿಗಿಂತ ಮೊದಲು ನಾನೇ ಎದ್ದು, ಚೊಂಬಿಗೆ ನೀರು ತೋಡಿಕೊಂಡು ಬಾಗಿಲಿಗೆ ಓಡಿದ್ದೆ.