ಅಕ್ಕನ ಬನ್ನು ಒಡೆಯುತ್ತಿರಲಿಲ್ಲ

ಮಾರ್ಚ್ 3, ಬೆಳಿಗ್ಗೆ 6.10

ಖಾಲಿ ಹೊಟ್ಟೆಯ ಶುಗರ್ 168. ಮತ್ತೆ. ಮಿಷನ್ನೇ ಸರಿಯಿಲ್ಲವೇನೋ ಎಂದು ಇನ್ನೊಂದು ಬೆರಳು ಚುಚ್ಚಿದೆ — 171. ಡಾಕ್ಟರಿಗೆ ತೋರಿಸುವ ಪುಸ್ತಕ ಬೇರೆ ಇದೆ. ಅದರಲ್ಲಿ ಬರೀ ಅಂಕಿ. ಗೊಣಗಾಟವೆಲ್ಲ ಇದರಲ್ಲಿ.

ಅರವತ್ತೆರಡು ಡಬ್ಬಿ ಕಟ್ಟಿಯಾಯಿತು. ಎರಡು ಬೇಯಿಸಿದ ಮೊಟ್ಟೆ, ಚೀಸ್ ತುಂಡು, ಸೌತೆಕಾಯಿ, ಒಂದು ಹಿಡಿ ಹುರಿದ ಬೀಜ, ಅಕ್ಕನ ಬಾದಾಮಿ ಹಿಟ್ಟಿನ ಬನ್ನು. ಒಂದು ಕೈ ಸ್ಟೀರಿಂಗ್ ಮೇಲಿದ್ದರೂ ಇನ್ನೊಂದು ಕೈಯಲ್ಲಿ ತಿನ್ನುವಂತಿರಬೇಕು, ಚಮಚ ಹುಡುಕಬಾರದು, ಅಂಗಿಗೆ ಜಿಡ್ಡು ಹತ್ತಬಾರದು. ಇಷ್ಟೇ ನಮ್ಮ ಕಾನೂನು. ಓವನ್ ಅಕ್ಕನದು, ಅವಳ ಮನೆಯಲ್ಲಿ. ಡಬ್ಬಿ ಕಟ್ಟುವುದು, ಸ್ಕೂಟರ್ ಓಡಿಸುವುದು ನಾನು. ಏಳಕ್ಕೆ ಆಸ್ಪತ್ರೆಯ ಗೇಟಿನಲ್ಲಿ ನಿಂತರೆ, ಶಿಫ್ಟ್ ಬದಲಾಗುವಷ್ಟರಲ್ಲಿ ಎಲ್ಲ ಖಾಲಿ.

ನಮ್ಮ ಡಬ್ಬಿಯ ಮುಚ್ಚಳದ ಮೇಲೆ ನನ್ನದೇ ಅಕ್ಷರ: ‘ಮೈದಾ ಇಲ್ಲ, ಸಕ್ಕರೆ ಇಲ್ಲ.’ ಹೊರಡಬೇಕು.

ಮಾರ್ಚ್ 7

ಆ್ಯಂಬುಲೆನ್ಸ್ ಡ್ರೈವರ್ ಇವತ್ತು ಬೇರೆಯವರನ್ನೆಲ್ಲ ಮುಂದೆ ಬಿಟ್ಟು ಕೊನೆಗೆ ಬಂದ. ಗೇಟಿನಲ್ಲಿ ಎಲ್ಲರೂ ಅವನನ್ನು ಸೈರನ್ ಎಂದೇ ಕರೆಯುತ್ತಾರೆ. ಗಾಡಿಗಿಂತ ಇವನ ಗಂಟಲು ಜೋರು. ಇವತ್ತು ಮಾತ್ರ ಪಿಸುಮಾತು.

“ಮೇಡಂ, ನಂಗೆ ಶುಗರ್ ಇದೆ. ಗಾಡೀಲಿ ಬಿಸ್ಕೆಟ್ ತಿಂದ್ಕೊಂಡೇ ಬಂದಿದ್ದು ಇಷ್ಟು ದಿನ. ಮೆಡಿಕಲ್ ಚೆಕಪ್ ಬರ್ತಿದೆ. ನಿಮ್ಮ ಡಬ್ಬಿ ನಂಬ್ಕೊಂಡು ತಿನ್ಬಹುದಲ್ವಾ?”

“ನಂಗೂ ಶುಗರ್ ಇದೆಯಪ್ಪಾ. ಇದನ್ನೇ ನಾನೂ ತಿನ್ನೋದು. ಕಣ್ಮುಚ್ಕೊಂಡು ತಿನ್ನು.”

ದಿನಕ್ಕೆ ಎರಡು ಡಬ್ಬಿ ಎಂದ. ಖುಷಿಯಾಯಿತು. ನನ್ನ ಅಂಕಿ ಮಾತ್ರ 174 ಎಂದು ಅವನಿಗೆ ಹೇಳಲಿಲ್ಲ.

ಮಾರ್ಚ್ 12

ಸಂಜೆ ಒಂದು ಗಂಟೆ ನಡೆದೆ. ಮೊಣಕಾಲು ಬೇಡ ಎನ್ನುತ್ತದೆ. ಬೆಳಿಗ್ಗೆ 180.

ಇವರು ಬಿಸ್ಕೆಟ್ ಡಬ್ಬವನ್ನು ತಮ್ಮ ಹೊಲಿಗೆ ಮಿಷನ್ನಿನ ಹಿಂದೆ, ಬಟ್ಟೆ ಗಂಟಿನ ಕೆಳಗೆ ಇಟ್ಟಿದ್ದಾರೆ. ನಾನು ಏನೂ ಕೇಳಲಿಲ್ಲ. ಇಪ್ಪತ್ತು ವರ್ಷ ಸಂಸಾರ ಮಾಡಿದ ಗಂಡ ನನ್ನಿಂದ ಬಿಸ್ಕೆಟ್ ಬಚ್ಚಿಡುತ್ತಾರೆ... ನಗಬೇಕೋ, ಅಳಬೇಕೋ.

ಅಕ್ಕನಿಗೆ ಹೇಳಿದೆ. ತಲೆ ಸವರಿದಳು. “ಚಿಂತೆ ಮಾಡಿದ್ರೂ ಏರತ್ತೆ ಕಣೇ. ಸ್ವಲ್ಪ ನಿದ್ದೆ ಮಾಡು.” ನನಗಿಂತ ಎಂಟು ವರ್ಷ ದೊಡ್ಡವಳು. ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ನನಗೆ ಶುಗರ್ ಎಂದು ಗೊತ್ತಾದ ವಾರವೇ ತನ್ನ ಮನೆಯ ಸಕ್ಕರೆಯನ್ನೂ ಹೊರಗೆ ಹಾಕಿದ್ದಳು. ಮೊದಲ ಬನ್ನು ಮಾಡಿದ ದಿನ ಅದು ಮರಳಿನಂತೆ ಉದುರಿ, ಇಬ್ಬರೂ ತಟ್ಟೆಯಿಂದ ಬಾಚಿಕೊಂಡು ತಿಂದು ಬಿದ್ದು ಬಿದ್ದು ನಕ್ಕಿದ್ದೆವು. ವರ್ಷವಿಡೀ ಉದುರುತ್ತಲೇ ಇತ್ತು, ಗಿರಾಕಿಗಳು ಗೊಣಗುತ್ತಲೇ ಇದ್ದರು. ಈ ಜನವರಿಯಿಂದ ಒಂದೂ ಒಡೆದಿಲ್ಲ. ಚೆಂಡಿನ ಹಾಗೆ ಇರುತ್ತವೆ. “ಕೈ ಪಳಗ್ತು” ಎನ್ನುತ್ತಾಳೆ.

ಮಾರ್ಚ್ 19

ಡಾಕ್ಟರ್. ಅಕ್ಕನೂ ಜೊತೆಗೆ ಬಂದಳು. ಮೂರು ತಿಂಗಳ ಸರಾಸರಿ ರಿಪೋರ್ಟ್ ನೋಡಿ ಡಾಕ್ಟರಮ್ಮ ಕನ್ನಡಕ ತೆಗೆದರು.

“ಹೋದ ಸಲ ಎಷ್ಟು ಚೆನ್ನಾಗಿತ್ತು! ನಿಜ ಹೇಳಿ, ಏನ್ ತಿಂತಿದ್ದೀರಿ?”

“ನಮ್ಮ ಡಬ್ಬೀನೇ, ಮೇಡಂ. ಬೇರೆ ಏನೂ ಇಲ್ಲ.”

“ಹಂಗಿದ್ರೆ ಇಷ್ಟು ಬರಲ್ಲ. ಕದ್ದು ತಿಂದ್ರೆ ಮೋಸ ಹೋಗೋದು ನೀವೇ.”

ಅಕ್ಕನ ಕಡೆ ನೋಡಿದೆ, ನೀನಾದರೂ ಹೇಳು ಎಂಬಂತೆ. ಅಕ್ಕ ನನ್ನ ಕೈ ಹಿಡಿದುಕೊಂಡು, ನಗುತ್ತಾ, “ಚಿಕ್ಕೋಳಿದ್ದಾಗಿಂದ ಬಾಯಿ ಚಪಲ ಇವಳಿಗೆ, ಡಾಕ್ಟ್ರೇ. ನಾನು ನೋಡ್ಕೋತೀನಿ ಬಿಡಿ” ಎಂದಳು.

ಮಾತ್ರೆ ಎರಡು ಪಟ್ಟಾಯಿತು. ದಾರಿಯುದ್ದಕ್ಕೂ ನನ್ನನ್ನೇ ತಡಕಾಡಿದೆ — ನಿದ್ದೆಗಣ್ಣಿನಲ್ಲಿ ಎದ್ದು ತಿನ್ನುತ್ತಿದ್ದೇನೆಯೇ? ಹುಚ್ಚು ಹಿಡಿಯುತ್ತಿದೆಯೇ?

ಏಪ್ರಿಲ್ 2

ಎರಡು ವಾರ ಬರೆಯಲಿಲ್ಲ. ನಾಚಿಕೆ. ಬರೆದರೆ ಅಂಕಿ ಬರೆಯಬೇಕು.

ಹಣ್ಣು ಬಿಟ್ಟೆ. ಹಾಲು ಬಿಟ್ಟೆ. ಮಧ್ಯಾಹ್ನ ಡಬ್ಬಿ, ಸಂಜೆ ಬರೀ ಎರಡು ಬನ್ನು. ಆದರೂ ಇಳಿಯದು.

ಸೈರನ್ ನಾಲ್ಕು ದಿನದಿಂದ ಗೇಟಿನಲ್ಲಿಲ್ಲ. ರಜೆ ಇರಬೇಕು ಎಂದುಕೊಂಡಿದ್ದೆ. ಲ್ಯಾಬಿನ ಹುಡುಗಿ ಹೇಳಿದಳು: “ಅಯ್ಯೋ, ಗೊತ್ತಿಲ್ವಾ ಆಂಟಿ? ಚೆಕಪ್ಪಲ್ಲಿ ಶುಗರ್ ಇನ್ನೂರ ತೊಂಬತ್ತು. ಗಾಡಿಯಿಂದ ಇಳಿಸಿಬಿಟ್ರು. ಈಗ ಸ್ಟೋರಲ್ಲಿ ಸಿಲಿಂಡರ್ ಉರುಳಿಸ್ತಾ ಇದ್ದಾನೆ. ಮಾತೇ ಇಲ್ಲ.”

ಡಬ್ಬಿ ಕೊಡುವ ನನ್ನ ಕೈ ಅಲ್ಲೇ ನಿಂತಿತು. ನಾನು ಕದ್ದು ತಿಂದೆ ಎಂದೇ ಇಟ್ಟುಕೊಳ್ಳೋಣ. ಅವನೂ ಕದ್ದು ತಿಂದನೇ?

ಏಪ್ರಿಲ್ 3

ಬೆಳಿಗ್ಗೆ 8.30 — ಮೊಟ್ಟೆ, ಚೀಸ್, ಬೀಜ. ಬನ್ನು ಇಲ್ಲ. ಒಂದೂವರೆ ಗಂಟೆಯ ಮೇಲೆ ನೋಡಿದೆ. ಏನೂ ಏರಿಲ್ಲ.

ಮಧ್ಯಾಹ್ನ 2 — ಬರೀ ಬನ್ನು. ಎರಡು.

3.30 — 241.

ಇಲ್ಲ. ಇರಲಾರದು. ನಾಳೆ ಮತ್ತೆ ನೋಡುತ್ತೇನೆ.

ಏಪ್ರಿಲ್ 4, ಬೆಳಿಗ್ಗೆ

ಲ್ಯಾಬಿನ ಹುಡುಗಿಯನ್ನು ಕೇಳಿದೆ: ಮೈದಾ ಇದೆಯೋ ಇಲ್ಲವೋ ಎಂದು ಕಂಡುಹಿಡಿಯೋದು ಹೇಗೆ? ಅವಳಿಗೆ ನಗು. “ಶಾಲೇಲಿ ಮಾಡಿರ್ಲಿಲ್ವಾ ಆಂಟಿ?” ಬನ್ನು ಮುರಿದಳು. ಗಾಯಕ್ಕೆ ಹಚ್ಚುವ ಅಯೋಡಿನ್ ಎರಡು ಹನಿ ಬಿಟ್ಟಳು.

ಕಪ್ಪಾಯಿತು. ನೋಡನೋಡುತ್ತಲೇ, ಶಾಯಿ ಚೆಲ್ಲಿದ ಹಾಗೆ. ನನ್ನ ಬಳಿಯಿದ್ದ ಬಾದಾಮಿ ಜಜ್ಜಿ, ಅದರ ಮೇಲೂ ಬಿಟ್ಟಳು. ಕಂದು ಬಣ್ಣ ಕಂದಾಗಿಯೇ ಉಳಿಯಿತು.

“ಇದ್ರಲ್ಲಿ ಪಿಷ್ಟ ಸುಮಾರಾಗೇ ಇದೆ” ಎಂದಳು. ಆಮೇಲೆ ನನ್ನ ಮುಖ ನೋಡಿ, ನಗು ನಿಲ್ಲಿಸಿ, ಸ್ಟೂಲ್ ಎಳೆದುಕೊಟ್ಟಳು.

ಏಪ್ರಿಲ್ 4, ಸಂಜೆ

ಅಕ್ಕ ಟ್ರೇ ತೊಳೆಯುತ್ತಿದ್ದಳು. ಕಪ್ಪಾದ ಬನ್ನನ್ನು ಅವಳ ಮುಂದೆ ಕಟ್ಟೆಯ ಮೇಲಿಟ್ಟೆ. ಏನಿದು ಎಂದು ಅವಳು ಕೇಳಲಿಲ್ಲ. ಆಗಲೇ ಗೊತ್ತಾಯಿತು. ಏನೂ ಅರಿಯದವರಾದರೆ ಕೇಳುತ್ತಾರೆ.

“ಯಾವಾಗಿಂದ?”

ನಲ್ಲಿ ನಿಲ್ಲಿಸಿದಳು. “ಜನವರಿ.”

“ಎಷ್ಟು?”

“ಮೊದಲು ಒಂದು ಹಿಡಿ. ಉದುರ್ತಿತ್ತು ಕಣೇ, ನಿಂಗೊತ್ತಲ್ಲ. ಜನ ಡಬ್ಬಿ ತೆಗೆದ್ರೆ ಪುಡಿ. ‘ನಿಮ್ಮ ಬನ್ನು ಊದಿದ್ರೆ ಹಾರತ್ತೆ’ ಅಂತ ಆಡ್ಕೋತಿದ್ರು. ಒಂದು ಹಿಡಿ ಮೈದಾ ಹಾಕ್ದೆ, ನಿಂತ್ಕೊಳ್ತು. ಎಲ್ಲಾ ಹೊಗಳಿದ್ರು. ಆಮೇಲೆ...”

“ಆಮೇಲೆ?”

“ಅರ್ಧಕ್ಕರ್ಧ.”

ಕೂತೆ. ಅವಳ ಅಡಿಗೆಮನೆಯ ಅದೇ ಸ್ಟೂಲು, ದಿನಾ ಕೂತು ಬನ್ನು ತಿನ್ನುತ್ತಿದ್ದುದು. ಅವಳೇ ಬಿಸಿಬಿಸಿಯಾಗಿ ಕೊಡುತ್ತಿದ್ದಳು.

“ನಾನು ತಿಂತಿದ್ದೆನಲ್ಲಾ, ಅಕ್ಕ. ನಿನ್ನ ಕಣ್ಣ ಮುಂದೇನೇ. ಊರಿಗೆ ಹೇಳೋದು ಬೇಡ, ನಂಗಾದ್ರೂ ತಿನ್ಬೇಡ ಅನ್ಬೇಕಿತ್ತು.”

“ತಿನ್ಬೇಡ ಅಂದಿದ್ರೆ ನೀನು ಯಾಕೆ ಅಂತ ಕೇಳ್ತಿದ್ದೆ.”

ಇಷ್ಟೇ ಹೇಳಿದಳು. ಜಗಳವಾಡುವ ದನಿಯಲ್ಲಲ್ಲ, ಪಾಠ ಒಪ್ಪಿಸುವ ಮಕ್ಕಳ ದನಿಯಲ್ಲಿ. ನನ್ನ ಒಂದು ಪ್ರಶ್ನೆ ತಪ್ಪಿಸಲು ನನ್ನ ರಕ್ತ ಕೆಟ್ಟರೂ ಪರವಾಗಿಲ್ಲ ಎಂದುಕೊಂಡಳು. ಡಾಕ್ಟರಮ್ಮನ ಎದುರು ಕೈ ಹಿಡಿದಿದ್ದು ಪ್ರೀತಿಗಲ್ಲ, ಬಾಯಿ ಮುಚ್ಚಿಸಲು. ಬಾಯಿ ಚಪಲ — ಎಷ್ಟು ಸಲೀಸಾಗಿ ಅಂದಳು!

ಬಾಗಿಲ ತನಕ ಹಿಂದೆ ಬಂದು ಸೆರಗು ಹಿಡಿದಳು. “ಗೇಟಲ್ಲಿ ಮಾತ್ರ ಹೇಳ್ಬೇಡ. ನಿನ್ನ ಕಾಲು ಹಿಡೀತೀನಿ. ನಾಳೆಯಿಂದ ಹಾಕಲ್ಲ. ಯಾರಿಗೂ ಗೊತ್ತಾಗಲ್ಲ.”

“ಸೈರನ್‌ನ ಗಾಡಿ ಕೆಲಸ ಹೋಯ್ತು, ಅಕ್ಕ.”

“ಯಾರದು?” ಎಂದಳು.

ಏಪ್ರಿಲ್ 6

ಹೇಳಿದೆ. ಏಳಕ್ಕೆ ನಿಂತೆ, ಖಾಲಿ ಸ್ಕೂಟರ್ ಪಕ್ಕದಲ್ಲಿ. ಬಂದ ಒಬ್ಬೊಬ್ಬರಿಗೂ ಅದೇ ಮಾತು: ಬನ್ನಿನಲ್ಲಿ ಮೈದಾ ಇತ್ತು, ಜನವರಿಯಿಂದ, ಶುಗರ್ ಇದ್ದವರು ದಯವಿಟ್ಟು ಪರೀಕ್ಷೆ ಮಾಡಿಸಿಕೊಳ್ಳಿ. ಅಕ್ಕ ಎನ್ನಲಿಲ್ಲ. ‘ನಾವು’ ಎಂದೆ. ಯಾಕೆ ಹಾಗೆಂದೆನೋ. ಮುಚ್ಚಳದ ಮೇಲೆ ಬರೆದ ಕೈ ನನ್ನದೇ ತಾನೆ.

ಮೂರನೇ ಮಹಡಿಯ ನರ್ಸ್ ಮುಖಕ್ಕೆ ಹೊಡೆದಂತೆ ಅಂದಳು, “ನಮ್ಮಮ್ಮಂಗೂ ಒಯ್ದು ಕೊಡ್ತಿದ್ದೆ. ನಿಮ್ಮನ್ನ ನೋಡಿ ನಂಬಿದ್ದು, ಬನ್ನು ನೋಡಿ ಅಲ್ಲ.” ಅವಳ ಕಣ್ಣಿನಲ್ಲಿದ್ದುದು ನನಗೆ ಗೊತ್ತು. ಮೊನ್ನೆಯಿಂದ ಕನ್ನಡಿಯಲ್ಲಿ ಅದನ್ನೇ ನೋಡುತ್ತಿದ್ದೇನೆ.

ಆಮೇಲೆ ಸ್ಟೋರಿಗೆ ಹೋದೆ. ಸೈರನ್ ಪೂರ್ತಿ ಕೇಳಿಸಿಕೊಂಡ. ಬೈಯಲಿ ಎಂದು ಕಾದೆ.

“ಮನೇಲಿ ನನ್ ಹೆಂಡ್ತಿ ಒಂದು ವಾರದಿಂದ ಮಾತಾಡ್ಸಿಲ್ಲ, ಮೇಡಂ. ಕದ್ದು ತಿಂದೆ ಅಂತ. ನಾನೂ ಸುಮ್ನಾದೆ... ತಿಂದಿರ್ಬೋದೇನೋ ಅನ್ಕೊಂಡು.”

ಆಫೀಸಿನಲ್ಲಿ ಬರೆದುಕೊಡುತ್ತೇನೆ, ತಪ್ಪು ಡಬ್ಬಿಯದು ಎಂದು, ಅಂದೆ. ಬರೆದು ಸಹಿ ಹಾಕಿ ಬಂದೆ.

ಏಪ್ರಿಲ್ 9

ಅಮ್ಮನ ಫೋನ್. “ತಿಳೀದೆ ಮಾಡಿದ್ದಾಳೆ, ಬಿಟ್ಬಿಡು. ಒಡಹುಟ್ಟಿದವಳು.”

ತಿಳಿದೇ ಮಾಡಿದಳಮ್ಮಾ. ಅದೇ ಅಲ್ಲವೇ ಕಷ್ಟ. ಫೋನ್ ಇಟ್ಟುಬಿಟ್ಟೆ.

ಇವರು ಬಿಸ್ಕೆಟ್ ಡಬ್ಬವನ್ನು ತಂದು ಮೊದಲಿದ್ದ ಜಾಗದಲ್ಲೇ ಇಟ್ಟರು. “ತಪ್ಪಾಯ್ತು ಕಣೇ” ಎಂದರು. ಆಗ ಅತ್ತುಬಿಟ್ಟೆ. ಇಷ್ಟು ದಿನ ಅಳು ಬಂದಿರಲಿಲ್ಲ.

ಮೇ 11

ಬೆಳಿಗ್ಗೆ 124. ಮಾತ್ರೆ ಮತ್ತೆ ಮೊದಲಿನಷ್ಟಕ್ಕೆ ಇಳಿಯಿತು. ಡಾಕ್ಟರಮ್ಮ ಸಾರಿ ಎಂದರು, ಕಡತದಿಂದ ತಲೆ ಎತ್ತದೆ.

ಈಗ ಹದಿನಾಲ್ಕೇ ಡಬ್ಬಿ. ಮೊಟ್ಟೆ, ಚೀಸ್, ಬೀಜ, ಎಲೆಕೋಸಿನ ಎಲೆಯಲ್ಲಿ ಸುತ್ತಿದ ಕೋಳಿ. ಎಲ್ಲ ನನ್ನ ಒಲೆಯಲ್ಲೇ. ಬನ್ನಿಲ್ಲ. ಸೈರನ್ ಮತ್ತೆ ಗಾಡಿ ಹತ್ತಿದ. ಎರಡನೇ ಪರೀಕ್ಷೆಯಲ್ಲಿ ಪಾಸು. ಗೇಟಿನಲ್ಲಿ ಹಾರ್ನ್ ಬಾರಿಸಿ ಒಂದು ಡಬ್ಬಿ ತೆಗೆದುಕೊಂಡ. ಮುಚ್ಚಳ ತೆಗೆದು, ಎಲೆ ಬಿಡಿಸಿ ಒಳಗೆ ನೋಡಿದ. ನಾನು ನೋಡುತ್ತಿರುವುದು ಕಂಡು ನಾಚಿಕೊಂಡ.

“ನೋಡಪ್ಪಾ, ಚೆನ್ನಾಗಿ ನೋಡು” ಎಂದೆ. ನಾನೂ ಈಗ ಹಾಗೆಯೇ. ಇವರು ಮಾಡಿದ ಚಹಾವನ್ನೂ ಮೊದಲು ನಾಲಿಗೆ ತುದಿಗೆ ತಾಗಿಸಿಯೇ ಕುಡಿಯುವುದು.

ಮೇ 20, ಮಧ್ಯಾಹ್ನ

ಅಕ್ಕ ಬಂದಿದ್ದಾಳೆ. ಮೇಲಕ್ಕೆ ಬಂದಿಲ್ಲ. ಕೆಳಗೆ ಮೆಟ್ಟಿಲ ಮೇಲೆ ಕೂತಿದ್ದಾಳಂತೆ, ಅರ್ಧ ಗಂಟೆಯಾಯಿತು. ಇವರು ಎರಡು ಸಲ ಇಣುಕಿ ಬಂದರು.

“ಬರೀ ಕೈಲಿ ಬಂದಿದ್ದಾಳೆ. ಸೊರಗಿ ಹೋಗಿದ್ದಾಳೆ ಕಣೇ, ಗುರುತೇ ಸಿಗಲ್ಲ. ಒಳಗೆ ಕರೀಲಾ?”

ಬೇಡ ಎಂದೆ. ಹೊಲಿಗೆ ಮಿಷನ್ ಶುರು ಮಾಡಿದರು, ನಿಲ್ಲಿಸಿದರು.

ಅವಳಿಗೆ ಹೇಳಬೇಕಾದುದನ್ನೆಲ್ಲ ಮನಸ್ಸಿನಲ್ಲೇ ಎಷ್ಟು ಸಲ ಹೇಳಿದ್ದೇನೆ. ಅಡಿಗೆ ಮಾಡುವಾಗ, ಸ್ಕೂಟರ್ ಮೇಲೆ. ಒಂದೂ ನೆನಪಾಗುತ್ತಿಲ್ಲ. ಊಟ ಮಾಡಿದ್ದಾಳೋ ಇಲ್ಲವೋ ಎಂಬುದೊಂದೇ ತಲೆಯಲ್ಲಿ. ಈ ತಲೆಗೇನು ಹೇಳಲಿ.

ಎದ್ದು ಹೋಗಿ ಚಿಲಕದ ಮೇಲೆ ಕೈಯಿಟ್ಟೆ. ತೆಗೆಯಲಾಗಲಿಲ್ಲ. ವಾಪಸ್ ಬಂದು ಇದನ್ನು ಬರೆಯುತ್ತಿದ್ದೇನೆ. ಕೆಳಗೆ ಸದ್ದಾಯಿತು. ಎದ್ದಳು. ಹೆಜ್ಜೆ... ಒಂದು, ಎರಡು. ಹತ್ತುತ್ತಿದ್ದಾಳೋ, ಇಳಿದು ಹೋಗುತ್ತಿದ್ದಾಳೋ. ಪೆನ್ನು ಇಟ್ಟು ಬಾಗಿಲಿಗೆ ಹೋಗುತ್ತೇನೆ.