ಹಂಪಿಯ ಮುದ್ರೆ

ಕೆಂಗೇರಿ ಉಪನಗರ
೧೨ ನವೆಂಬರ್ ೨೦೨೪

ಪ್ರೀತಿಯ ಕವನಾಳ ಅಪ್ಪನಿಗೆ,

ತೋರಣಗಲ್ಲಿನ ಕೆಂಪು ಧೂಳಿನಲ್ಲಿ ನಿಮ್ಮ ಕೆಮ್ಮು ಕಡಿಮೆಯಾಯಿತೇ? ಮೆಸ್ಸಿನವನು ಈಗಲಾದರೂ ಮುದ್ದೆ ಮಾಡುತ್ತಾನೋ, ದಿನವೂ ರೊಟ್ಟಿಯೋ? ಇಲ್ಲಿ ಅತ್ತೆಯ ಮೊಣಕಾಲು ಇನ್ನೂ ನೋಯುತ್ತಿದೆ, ಬಾಯಿ ಮಾತ್ರ ಗಟ್ಟಿಯಾಗಿದೆ. ಫೋನಿನಲ್ಲಿ ನನ್ನ ಕಾರ್ಡಿನ ವಿಷಯ ತೆಗೆದರೆ ನೀವು "ನೋಡೋಣ ಬಿಡೇ" ಎಂದು ಇಟ್ಟುಬಿಡುತ್ತೀರಿ. ಕಾಗದವನ್ನಾದರೂ ಕೊನೆಯವರೆಗೆ ಓದಲೇಬೇಕಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಪೋರ್ಚುಗಲ್ಲಿನ ಇಸಾಬೆಲ್ ನೆನಪಿರಬೇಕು. ವಿಶ್ವ ಪರಂಪರೆಯ ತಾಣಗಳ ಚಿತ್ರದ ಕಾರ್ಡುಗಳನ್ನು ನನ್ನೊಡನೆ ಬದಲಾಯಿಸಿಕೊಳ್ಳುವವಳು. ಅವಳು ತನ್ನೂರಿನ ಅರಮನೆಯ ಕಾರ್ಡು ಕಳಿಸಿ ವರ್ಷವಾಗುತ್ತ ಬಂತು. ಬದಲಿಗೆ ನಾನು ಕಳಿಸಬೇಕಿದ್ದ ಹಂಪಿಯ ಕಲ್ಲಿನ ರಥದ ಕಾರ್ಡಿಗೆ ಅತ್ತೆ, ಲಗ್ನಪತ್ರಿಕೆಗೆ ಹಚ್ಚುವ ಹಾಗೆ, ನಾಲ್ಕು ಮೂಲೆಗೂ ಅರಿಶಿನ ಹಚ್ಚಿಬಿಟ್ಟರು. "ಸಮುದ್ರ ದಾಟೋ ಕಾಗ್ದ ಕಣೇ, ಹಂಗೇ ಕಳಿಸ್ತಾರಾ?" ಅಂತ. ದಾರಿಯಲ್ಲಿ ಕಾರ್ಡು ನೆನೆದು ಅರಿಶಿನ ಹರಡಿ ರಥವೇ ಕಾಣದಂತಾಯಿತು. ಇಸಾಬೆಲ್ ಸಿಟ್ಟಾಗಲಿಲ್ಲ. ಇನ್ನೊಂದು ಕಳಿಸು, ಆದರೆ ಹಂಪಿಯ ಅಂಚೆ ಕಚೇರಿಯ ಮುದ್ರೆಯೇ ಬೀಳಲಿ ಎಂದು ಬರೆದಳು. ಚಿತ್ರವೂ ಮುದ್ರೆಯೂ ಒಂದೇ ಊರಿನದಾದರೆ ಕಾರ್ಡು ಕೂಡಿಡುವವರಿಗೆ ಅದೊಂದು ಹಬ್ಬ. ಆಗಲಿ ಎಂದು ಮಾತು ಕೊಟ್ಟೆ.

ಅತ್ತೆಯನ್ನು ಬೈಯಲಾರೆ, ಅವರದು ಹಾರೈಕೆ. ಆದರೆ ನಿಮ್ಮ ಮೇಲೆ ಸಿಟ್ಟಿದೆ. ಹಂಪಿಯ ಪಕ್ಕದಲ್ಲೇ ಕೆಲಸ ಮಾಡುವವರೆಂದು ನಂಬಿ, ಹಂಪಿಯ ಅಂಚೆ ಕಚೇರಿಯಲ್ಲೇ ಹಾಕಿ ಎಂದು, ಸ್ಟಾಂಪು ಅಂಟಿಸಿ ಹೊಸ ಕಾರ್ಡನ್ನು ನಿಮಗೆ ಕಳಿಸಿದೆ. ನೀವು ಅದನ್ನು ಕಾರ್ಖಾನೆಯ ಗೇಟಿನ ಅಂಚೆ ಡಬ್ಬಕ್ಕೆ ಹಾಕಿ, "ಎಲ್ಲಾ ಪೋಸ್ಟೂ ಒಂದೇ ಅಲ್ವೇನೇ" ಎಂದಿರಿ. ಅದು ತೋರಣಗಲ್ಲಿನ ಮುದ್ರೆ ಹೊತ್ತು ಹೋಯಿತು. ನನಗೆ ಅಳುವೇ ಬಂತು, ರೀ. ಮಗಳ ಶಾಲೆಗೆ ಕವನಾಳ ಅಮ್ಮ, ಬೀದಿಗೆ ಮುನಿತಾಯಮ್ಮನ ಸೊಸೆ. ರಂಜಿನಿ ಎಂಬ ಹೆಸರು ಹಿಡಿದು ನನ್ನನ್ನೇ ನಂಬಿರುವವಳು ಇಸಾಬೆಲ್ ಒಬ್ಬಳೇ. ಅವಳಿಗೆ ಕೊಟ್ಟ ಮಾತು ತಪ್ಪುವುದು ನನ್ನಿಂದಾಗದು.

ಬಿಸಿನೀರು ಕುಡಿಯಿರಿ, ಬೀಡಿ ಬಿಡಿ. ಅತ್ತೆ ನಿಮಗೆ ಒಳ್ಳೆಯದಾಗಲಿ ಅಂದರು, ಕವನಾ ಮುತ್ತು ಕಳಿಸಿದ್ದಾಳೆ.

ನಿಮ್ಮ
ರಂಜಿನಿ

ತಾ.ಕ.: ಮುಂದಿನ ಶುಕ್ರವಾರದ ಹಂಪಿ ಎಕ್ಸ್‌ಪ್ರೆಸ್‌ಗೆ ಟಿಕೆಟ್ ಮಾಡಿಸಿದ್ದೇನೆ, ಒಂದೇ ಒಂದು. ಕವನಾಳನ್ನು ಅತ್ತೆ ನೋಡಿಕೊಳ್ಳುತ್ತಾರೆ, "ಹೋಗ್ಬಾರೇ, ನಾನಿದೀನಿ" ಎಂದವರೂ ಅವರೇ. ಶನಿವಾರ ಬೆಳಿಗ್ಗೆ ಹೊಸಪೇಟೆಯಲ್ಲಿ ಇಳಿಯುತ್ತೇನೆ. ರಜೆ ಸಿಕ್ಕರೆ ಸ್ಟೇಷನ್ನಿಗೆ ಬನ್ನಿ, ಇಬ್ಬರೂ ಹಂಪಿಗೆ ಹೋಗೋಣ. ಸಿಗದಿದ್ದರೆ ಒಬ್ಬಳೇ ಬಸ್ಸು ಹತ್ತುತ್ತೇನೆ. ಇನ್ನೊಂದು ಕಾರ್ಡು ತರುತ್ತಿದ್ದೇನೆ, ಈ ಸಲ ಮುದ್ರೆ ನನ್ನ ಕಣ್ಣೆದುರೇ ಬೀಳಬೇಕು.