ಮೂವತ್ತೆರಡನೇ ಸೆನ್ಸರ್

೧೪ ಜುಲೈ ೨೦೨೫, ಸೋಮವಾರ

ಖಾನಾಪುರದ ಹಂಚಿನ ಕಾರ್ಖಾನ್ಯಾಗ ಮೂವತ್ತೆರಡು ಗ್ಯಾಸ್ ಸೆನ್ಸರ್, ಒಂದೊಂದಕ್ಕ ಒಂದು ಬಿಟ್, ಅಂದ್ರ ಸೊನ್ನೆ ಇಲ್ಲಾ ಒಂದು. ಗ್ಯಾಸ್ ಸೋರಿದ್ರ ಆ ಬಿಟ್ ಒಂದಾಗತೈತಿ. ಆ ಒಂದುಗಳನ್ನ ಎಣಿಸಿ ಸೈರನ್ ಹೊಡಸೂದು ನಾ ಬರದ ಪ್ರೋಗ್ರಾಮಿನ ಫಂಕ್ಷನ್ನಿನ ಕೆಲಸ. ಹೋದವಾರ ಮೂವತ್ತೊಂದು ಪರೀಕ್ಷೆ ಮಾಡಿದ್ದೆ. ಅಷ್ಟರಾಗ ಅತ್ತಿಯವರು, "ಹೊತ್ತು ಮುಳುಗಾಕತ್ತೈತಿ, ಉಣ್ಣಾಕ ಬಾ ಪೂನಮ್" ಅಂದ್ರು. ಹೊತ್ತು ಮುಳುಗಿದ ಮ್ಯಾಲೆ ನಮ್ಮ ಮನ್ಯಾಗ ಯಾರೂ ಉಣ್ಣಂಗಿಲ್ಲ. ಎದ್ದುಬಿಟ್ಟೆ. ಕಡೀದು ಹಂಗ ಉಳೀತು.

ಇವತ್ತ ನೋಡಿದೆ. ಕಡೀ ಬಿಟ್ ಒಂದಾದ್ರ ಎಲ್ಲಾ ಬಿಟ್ ಸೇರಿ ಆಗೂ ಸಂಖ್ಯೆ ಮೈನಸ್ ಆಗತೈತಿ, ಎಣಿಕಿ ಮುಗಿಯೂದೇ ಇಲ್ಲ. ಸೈರನ್ ಸುಮ್ಮನಿರತೈತಿ.

ಆ ಸೆನ್ಸರ್ ಇರೂದು ಭಟ್ಟಿ ಬಾಜೂಕ. ಅಲ್ಲೇ ನನ್ನ ತಮ್ಮ ವಿಪುಲನ ರಾತ್ರಿಪಾಳಿ. ಅವನ್ನ ಹೊರಗ ಕರಕೊಂಡು ಬರಾಕ ನಮ್ಮ ಮನಿಯವರು ಬೈಕ್ ಮ್ಯಾಲೆ ಹೋಗ್ಯಾರ. ದಾರ್ಯಾಗಿನ ದೇಸೂರ ದಾಟಿರಬೇಕು. ಹೊರಗ ಬಾ ಅಂತ ಫೋನ್ ಹಚ್ಚಿದಾಗ ವಿಪುಲ ನಕ್ಕಿದ್ದು ಇನ್ನೂ ಕಿವ್ಯಾಗೈತಿ.

"ಸೈರನ್ನೇ ಹೊಡದಿಲ್ಲ ಅಕ್ಕಾ, ಯಾಕ ಅಂಜತಿ?"

ಆಮ್ಯಾಲೆ ಲೈನ್ ಕಟ್ಟಾತು. ಮತ್ತ ಹಚ್ಚಿದ್ರ ರಿಂಗ್ ಆಗತೈತಿ, ಅಂವಾ ಎತ್ತವಲ್ಲ.